ಸ್ಟೇಷನ್ ಗಂಟೆಗೆ ಐದು ವರ್ಷ

"ಶಿಕ್ಷಾ ಹೆಚ್ಚಾತು ಅಂತ ಸರಕಾರದವರು ಬರದ ಕೊಡೂತನಕ ಗಂಟಿ ಕೊಡಬ್ಯಾಡ. ಬರದ ಕೊಟ್ಟ ಮ್ಯಾಲೆ ಒಂದ ದಿನಾನೂ ಇಟ್ಕೋಬ್ಯಾಡ," ಎಂದು ಕೈಗೆ ಬೇಡಿ ಬಿದ್ದ ರಾವಸಾಬ ಕೋರ್ಟಿನ ಮೆಟ್ಟಿಲ ಮೇಲೆ ಎಂಟು ವರ್ಷದ ಮಗಳಿಗೆ ಹೇಳಿದ. "ಆತಪ್ಪಾ," ಎಂದು ಶೆಟ್ಟೆವ್ವ ಮಾತು ಕೊಟ್ಟಳು. ಅದು ನಲವತ್ತೆರಡನೆಯ ಇಸವಿ. ಅವಳಪ್ಪ ಮಾಡಿದ್ದಿಷ್ಟೆ: ಲಚ್ಯಾಣ ಸ್ಟೇಷನ್ನಿನ ಗಂಟೆ ಬಿಚ್ಚಿಕೊಂಡು ಹೋಗಿ ಬಚ್ಚಿಟ್ಟಿದ್ದ. ಗಂಟೆ ಬಾರಿಸದೆ ರೈಲು ಬಿಡುವಂತಿಲ್ಲ. ಬ್ರಿಟಿಷರ ರೈಲು ಎರಡು ತಾಸು ನಿಂತಿತು. ರಾಜದ್ರೋಹವೆಂದು ಐದು ವರ್ಷ ಜೈಲು.

ಆ ಶೆಟ್ಟೆವ್ವನೇ ನನ್ನ ಅಜ್ಜಿ; ನಾವು ಆಯಿ ಅನ್ನುತ್ತೇವೆ. ಈಗ ತೊಂಬತ್ತು ದಾಟಿದ್ದಾಳೆ. ಶಿಕ್ಷೆಯಾದ ದಿನ ಬಂತೆಂದರೆ ಪ್ರತಿ ವರ್ಷ ಇಂಡಿ ಪಟ್ಟಣದ ತಾಲೂಕು ಕಚೇರಿ ಮುಂದೆ ಧರಣಿ. ನಾನು ಶಾಲೆಗೆ ರಜೆ ಹಾಕಬೇಕು, ತಮ್ಮ ಸಂಗಮೇಶ ಗಂಟೆ ಬಾರಿಸಬೇಕು, ಊರಿನ ಹತ್ತು ಮಂದಿ "ಐದು ವರ್ಷ ಅನ್ಯಾಯ!" ಎಂದು ಕೂಗಿ ಚುರಮುರಿ ತಿನ್ನಬೇಕು. ಅರ್ಜಿಯ ಮೇಲೆ 'ಪರಿಶೀಲಿಸಲಾಗುವುದು' ಎಂಬ ಷರಾ ಬಿದ್ದರೆ ಮನೆಗೆ.

ಈ ಸಲ ಆಯಿಗೆ ದಮ್ಮು ಕಡಿಮೆ. "ನಾ ಸತ್ರ ಈ ಗಂಟಿ ನಿಮ್ಮ ಕೊರಳಿಗೆ ಬೀಳತೈತಿ ನೋಡ್ರಿ," ಎಂದಳು ದಾರಿಯಲ್ಲಿ.

ಹೊಸದಾಗಿ ಬಂದ ಅಧಿಕಾರಿ ಪಲ್ಲವಿ ಮೇಡಂ ತಾವೇ ಹೊರಗೆ ಬಂದರು.

"ಯಾವ ಜೇಲಿನ್ಯಾಗ ಅದಾರ್ರಿ ನಿಮ್ಮ ಮನಷ್ಯಾ?"

"ಜೇಲಿನಿಂದ ಬಂದು, ಮುಪ್ಪಾಗಿ, ತೀರಿಕೊಂಡು ನಲವತ್ತ ವರ್ಷಾತ್ರಿ," ಎಂದೆ ನಾನು.

"ಮತ್ತ ಈಗ ಬಿಡಸೂದು ಯಾರನ್ನ?"

"ನನ್ನ," ಎಂದು ಆಯಿ ಕಥೆಯನ್ನೆಲ್ಲ ಹೇಳಿದಳು.

"ಅಯ್ಯ, ಒಂದ ಗಂಟಿಗೆ ಐದ ವರ್ಷಾ? ಭಾಳ ಆತಲ್ಲಬೇ ಯಮ್ಮಾ!"

"ಅದನ್ನss ಬರದ ಕೊಡು ನನ್ನವ್ವಾ. ಇಷ್ಟ ವರ್ಷದಾಗ ಒಬ್ಬರೂ ಬಾಯಿಬಿಟ್ಟು ಅಂದಿಲ್ಲ."

ಮೇಡಂ ಅರ್ಜಿಯ ಅಂಚಿನಲ್ಲಿ 'ಶಿಕ್ಷೆ ಹೆಚ್ಚಾಯಿತು' ಎಂದು ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿದರು. ಆಮೇಲೆ, "ಅಂದಂಗ, ಆ ಗಂಟಿ ಎಲ್ಲೈತ್ರಿ?"

ಸಂಗಮೇಶ ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅದು ಠಣ್ ಎಂದಿತು. ಇಷ್ಟು ವರ್ಷ ಕದ್ದ ಮಾಲನ್ನು ಸರಕಾರದ ಬಾಗಿಲಿಗೇ ತಂದು ಬಾರಿಸಿದ್ದೆವು, ಒಬ್ಬರೂ ಕೇಳಿರಲಿಲ್ಲ.

ಅಂದೇ ಎಲ್ಲರೂ ಟಂಟಂ ಆಟೋ ಹತ್ತಿ ಲಚ್ಯಾಣಕ್ಕೆ ಹೋದೆವು. ಸ್ಟೇಷನ್ ಮಾಸ್ತರ ಜುಲ್ಫಿಕರ ಗಂಟೆ ನೋಡಿ ಹಿಂದೆ ಸರಿದ. "ನಮಗ್ಯಾಕ್ರಿ ಆಯಿ ಇದು? ಈಗೆಲ್ಲಾ ಮೈಕಿನ್ಯಾಗ ಹೇಳತೇವಿ."

"ತಗೋತಿಯೋ, ಇಲ್ಲಾ ನಿನ್ನ ಮುಂದೂ ಧರಣಿ ಕೂಡ್ಲ್ಯೋ?"

ನಮ್ಮ ಹಿಂದೆ ಹತ್ತು ಮಂದಿ ಆಗಲೇ ಚುರಮುರಿ ಪೊಟ್ಟಣ ಬಿಚ್ಚತೊಡಗಿದ್ದರು. ಜುಲ್ಫಿಕರ ಎರಡೂ ಕೈ ಚಾಚಿದ.

ಶೆಟ್ಟೆವ್ವ ಗಂಟೆ ಕೊಟ್ಟಳು. ಅಪ್ಪನಿಗೆ ಕೊಟ್ಟ ಮಾತು ನಡೆಯಿತು.