ಕಿವಿ ನೋಡುತ್ತಿದ್ದ ಟೀಲೆಯವರು

ಟೀಲೆಯವರು ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಿವಿಯನ್ನು. ಎಡಗಿವಿ, ಆಮೇಲೆ ಬಲಗಿವಿ, ಅದಾದ ಮೇಲಷ್ಟೇ ಕಣ್ಣು. ಕಣ್ಣು ಕೂಡಿದ ಮೇಲೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಒಂದು ಸಣ್ಣ ನಗೆ. ಬರ್ಲಿನ್ನಿನಲ್ಲಿ ಮಗಳ ಮನೆಯಿದ್ದ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಮೊದಲ ಸಲ ಎದುರಾದಾಗ ದೇವೀರಮ್ಮ, ಆ ಜರ್ಮನ್ ಮುದುಕನ ಕಣ್ಣು ತನ್ನ ಓಲೆಯ ಮೇಲಿದೆಯೆಂದೇ ತಿಳಿದು, ಸೆರಗನ್ನು ಕಿವಿಯವರೆಗೂ ಎಳೆದುಕೊಂಡಿದ್ದಳು.

"ಪಕ್ಕದ್ಮನೆ ಮುದ್ಕ ಕಣ್ಣಲ್ಲೇ ಚಿನ್ನ ತೂಗ್ತಾನೆ ಕಣೇ," ಎಂದು ಮಗಳು ಶಾಂಭವಿಗೆ ದೂರು ಹೇಳಿದಳು.

"ಅಯ್ಯೋ ಅಮ್ಮ, ಅವ್ರು ರಿಟೈರ್ಡ್ ಗೌರ್ಮೆಂಟ್ ಸರ್ವೆಂಟ್. ನಿನ್ ಓಲೆ ಕದ್ಕೊಂಡು ಆ ಸೊಂಟ ಇಟ್ಕೊಂಡು ಎಷ್ಟ್ ದೂರ ಓಡ್ತಾರೆ?"

ಅಳಿಯ ನಚಿಕೇತ ಬ್ಲೂ ಕಾರ್ಡೆಂಬ ಕೆಲಸದ ವೀಸಾದ ಮೇಲೆ ಬಂದ ಎಂಜಿನಿಯರು. ಶಾಂಭವಿಯೂ ಕೆಲಸಕ್ಕೆ ಹೋಗುವವಳು. ಮೂರು ವರ್ಷದ ಮೊಮ್ಮಗಳು ಮಾಯಾಳನ್ನು ನೋಡಿಕೊಳ್ಳಲೆಂದು ದೇವೀರಮ್ಮ ವಿಸಿಟ್ ವೀಸಾದ ಮೇಲೆ ಬಂದು ಹೋಗಿ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕಡೂರಿನ ಮನೆಯಲ್ಲಿ ಅವಳೊಡನೆ ಮಾತಿಗೆ ಕೂರುವವರಿರಲಿಲ್ಲ. ವಿಚಿತ್ರವೆಂದರೆ ಆ ಸಂಗಾತ ಅವಳಿಗೆ ದೊರೆತದ್ದು ಈ ಪರಭಾಷೆಯ ಊರಿನ ಹಿತ್ತಿಲ ಬೆಂಚಿನ ಮೇಲೆ. ಅವಳು ಮಂಡಿನೋವನ್ನು ಕನ್ನಡದಲ್ಲಿ ಹೇಳುವಳು, ಟೀಲೆಯವರು ತಮ್ಮ ಸೊಂಟನೋವನ್ನು ಜರ್ಮನ್ನಿನಲ್ಲಿ ಹೇಳುವರು. ನೋವು ಇಬ್ಬರಿಗೂ ಅರ್ಥವಾಗುತ್ತಿತ್ತು. ಮಾಯಾಳ ಮೂರು ಚಕ್ರದ ಸೈಕಲ್ಲು ಮುರಿದಾಗಲೆಲ್ಲ ಅವರೇ ರಿಪೇರಿ ಮಾಡಿಕೊಡುತ್ತಿದ್ದರು.

ಬೇಸಿಗೆಯಲ್ಲೂ ಕತ್ತಿನ ಗುಂಡಿಯವರೆಗೆ ಹಾಕಿದ ಬೂದು ಕೋಟು. ನಡೆಯುವಾಗ ನೆಲದ ಮೇಲೆ ಯಾರೋ ಎಳೆದ ಗೆರೆಯನ್ನು ಮೀರಬಾರದೆಂಬಂಥ ಬಿಗಿ. ಬಾಗಿಲು ತೆರೆದೇ ಇದ್ದರೂ ತಟ್ಟಿ, 'ಬನ್ನಿ' ಎನ್ನುವವರೆಗೆ ಹೊಸ್ತಿಲಾಚೆ ನಿಂತಿರುವರು. ಕಾಫಿಗೆ ಕುಳಿತರೆ ಬಲಗೈ ತನ್ನಷ್ಟಕ್ಕೆ ಮೇಜಿನಡಿಗೆ ಹೋಗಿ, ಅಂಚಿನ ಒಳಮೈಯನ್ನು ತಡವಿ, ಬೆಂಕಿ ತಾಗಿದಂತೆ ಮಡಿಲಿಗೆ ಹಿಂದಿರುಗುತ್ತಿತ್ತು. ಮೇಜಿನ ತಳದಲ್ಲಿ ಅಂಟೇನಾದರೂ ಇದೆಯೋ ಎಂದು ದೇವೀರಮ್ಮ ನಾಚಿ, ಒಂದು ದಿನ ಬಗ್ಗಿ ಕುಳಿತು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಯೂ ಇಟ್ಟಳು.

ಎರಡನೆಯ ಮಹಾಯುದ್ಧದಲ್ಲಿ ಗೆದ್ದ ನಾಲ್ಕು ದೇಶದ ಸೈನ್ಯಗಳು ಆ ನಗರವನ್ನು ಹಂಚಿಕೊಂಡಿದ್ದವೆಂದೂ, ಪೂರ್ವದ ಪಾಲಿನವರು ಪಶ್ಚಿಮಕ್ಕೆ ಓಡಿಹೋಗದಂತೆ ನಡುವೆ ಗೋಡೆ ಎಬ್ಬಿಸಿದ್ದರೆಂದೂ ಶಾಂಭವಿ ಅವಳಿಗೆ ಹೇಳಿದ್ದಳು. ಗೋಡೆಯಿದ್ದ ಜಾಗದಲ್ಲಿ ಈಗ ರಸ್ತೆಗೆ ಅಡ್ಡಲಾಗಿ ಕಲ್ಲಿನ ಒಂದು ಸಾಲು. ಮಾಯಾಳ ಸೈಕಲ್ಲು ಅದರ ಮೇಲೆ ಹಾಯುವಾಗ ಕಟಕಟ ಎನ್ನುತ್ತಿತ್ತು. ಟೀಲೆಯವರು ಹುಟ್ಟಿ ಬೆಳೆದದ್ದು ಪೂರ್ವದ ಪಾಲಿನಲ್ಲಿ. ಕೆಲಸ ಎಲ್ಲಿತ್ತು ಎಂದು ಮಗಳಿಂದ ಕೇಳಿಸಿದ್ದಕ್ಕೆ 'ಸ್ಟೇಷನ್ನಿನಲ್ಲಿ' ಎಂದಷ್ಟೇ ಹೇಳಿದ್ದರು. ಟಿಕೆಟ್ ಕಲೆಕ್ಟರಿರಬೇಕೆಂದು ದೇವೀರಮ್ಮ ತೃಪ್ತಳಾಗಿದ್ದಳು.

ಮಾಯಾಳಿಗೆ ಕಿವಿ ಚುಚ್ಚಿಸುವ ಮಾತು ಬಂದಾಗ ತೊಡಕಾದದ್ದು ಸೋದರಮಾವನ ವಿಷಯ. ಮಗು ಅವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕು, ಶಾಂಭವಿಗೋ ಅಣ್ಣತಮ್ಮಂದಿರಿಲ್ಲ.

"ಟೀಲೆಯವ್ರನ್ನೇ ಕೂರ್ಸೋಣ," ಎಂದಳು ದೇವೀರಮ್ಮ.

ನಚಿಕೇತ ನಕ್ಕ. "ಜರ್ಮನ್ ಸೋದರಮಾವನಾ ಅತ್ತೆ? ಓಲೆ ಬದ್ಲು ಆಲೂಗಡ್ಡೆ ತಂದ್ಕೊಟ್ಟಾರು!"

"ಸುಮ್ನಿರಪ್ಪ. ಮಗೂ ಸೈಕಲ್ಲಿಗೆ ಚಕ್ರ ಹಾಕ್ಕೊಟ್ಟೋರು ಅವ್ರು. ನಿಮ್ ಕಡೆಯೋರ್ ಯಾರ್ ಬಂದಿದ್ರು?"

ಚಿಕ್ಕ ಮಗುವಿಗೆ ಚುಚ್ಚುವುದೆಂದರೆ ಇಲ್ಲಿಯವರು ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಶಾಂಭವಿ ಟೀಲೆಯವರ ಮುಂದೆ ಕಿವಿಯ ಮಾತನ್ನೇ ಎತ್ತಲಿಲ್ಲ. ಮನೆಯಲ್ಲೊಂದು ಶಾಸ್ತ್ರವಿದೆ, ಮಗುವಿನ ಮಾವನ ಸ್ಥಾನದಲ್ಲಿ ನೀವು ಕೂರಬೇಕು ಎಂದಳು. ಟೀಲೆಯವರು ಕೋಟಿನ ಮೇಲಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, ತಮ್ಮನ್ನು ಯಾರೂ ಹೀಗೆ ಕರೆದಿರಲಿಲ್ಲ ಎಂದರು.

ಭಾನುವಾರ ಬೆಳಿಗ್ಗೆ ಬೂದು ಕೋಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದು ಕುಳಿತರು. ದೇವೀರಮ್ಮ ಹಣೆಗೆ ಕುಂಕುಮವಿಟ್ಟಾಗ ಮಗುವಿನಂತೆ ಕಣ್ಣು ಮುಚ್ಚಿಕೊಂಡರು. ಮಾಯಾ ತೊಡೆಯೇರಿದಳು. ಶಾಂಭವಿಯ ಪರಿಚಯದ, ಮಂಗಳೂರು ಕಡೆಯ ಡಾಕ್ಟರ್ ಜಾಯ್ಸ್ ಚಿನ್ನದ ತಂತಿಯನ್ನು ಅಣಿಮಾಡಿ, ಪುಟ್ಟ ಕಿವಿಗಳಿಗೆ ಶಾಯಿಯ ಚುಕ್ಕೆಯಿಟ್ಟು, "ಅವ್ರಿಗೆ ಸ್ವಲ್ಪ ಹೇಳಿ ಮಾರಾಯ್ರೆ, ಎರಡೂ ಕಿವಿ ಸಮ ಉಂಟಾ ಅಂತ ಸರಿಯಾಗಿ ನೋಡ್ಲಿಕ್ಕೆ," ಎಂದಳು.

ಶಾಂಭವಿ ಅದನ್ನು ಜರ್ಮನ್ನಿಗೆ ತಿರುಗಿಸಿದಳು. ಟೀಲೆಯವರು ನೋಡಿದರು. ಎಡಗಿವಿ, ಬಲಗಿವಿ. ಮಗುವನ್ನೆತ್ತಿ ತಾಯಿಯ ಕೈಗೆ ಕೊಟ್ಟು, ಎದ್ದು ನಿಂತು, ಗೋಡೆಗೆ ಪಾಠ ಒಪ್ಪಿಸುವಂತೆ ಹೇಳತೊಡಗಿದರು. ಶಾಂಭವಿ ನಡುನಡುವೆ ನಿಲ್ಲಿಸಿ ತಾಯಿಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಅವರು ಕೂರುತ್ತಿದ್ದುದು ಸ್ಟೇಷನ್ನಿನ ಗಡಿತನಿಖೆಯ ಗೂಡಿನಲ್ಲಿ. ಕೂದಲಿಗೆ ಬಣ್ಣ ಹಾಕಬಹುದು, ಮುಖ ದಪ್ಪಗಾಗಬಹುದು, ಕಿವಿ ಮಾತ್ರ ಬದಲಾಗದೆಂದು ಅವರಿಗೆ ಕಲಿಸಿದ್ದರು. ಒಂದು ಸಂಜೆ ಪೂರ್ವದ ಹೆಂಗಸೊಬ್ಬಳು ಪಶ್ಚಿಮದಲ್ಲಿದ್ದ ಅಕ್ಕನ ಪಾಸ್‌ಪೋರ್ಟು ಹಿಡಿದು ಬಂದಳು. ಅದೇ ಮೂಗು, ಅದೇ ಬಾಯಿ. ಚಿತ್ರದಲ್ಲಿ ಕಿವಿಯ ಹಾಲೆ ಕೆನ್ನೆಗೆ ಅಂಟಿತ್ತು, ಇವಳದು ಬಿಡಿಯಾಗಿತ್ತು. ಟೀಲೆಯವರು ಮೇಜಿನಡಿಯ ಗುಂಡಿ ಒತ್ತಿದರು. ಕಾವಲಿನವರು ಬಂದು ಅವಳನ್ನು ಕರೆದೊಯ್ದರು. ಅವಳಿಗೆ ಜೈಲಾಯಿತೆಂದು ಆಮೇಲೆ ಕೇಳಿದರು.

"ನನ್ನ ಹಿಂದೆ ಅಂದು ಯಾವ ಅಧಿಕಾರಿಯೂ ನಿಂತಿರಲಿಲ್ಲ," ಎಂದರು ಟೀಲೆಯವರು. "ಹೋಗು ಎಂದಿದ್ದರೆ ಹೋಗುತ್ತಿದ್ದಳು. ಹೆದರಿ ಒತ್ತಿದೆನೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿರಲಿಲ್ಲ. ಕಂಡುಹಿಡಿದೆನಲ್ಲ ಎಂದು ಹೆಮ್ಮೆಪಟ್ಟಿದ್ದೆ."

ಟೀಲೆಯವರು ದೇವೀರಮ್ಮನನ್ನು ನೋಡಿದರು. ಮತ್ತೆ ಕೂರಬಹುದೇ ಎಂದು ಕೇಳುವುದಕ್ಕೆ ಭಾಷೆ ಬೇಕಿರಲಿಲ್ಲ.

"ಅತ್ತೆ, ನಾನೇ ಹಿಡ್ಕೋತೀನಿ ಬಿಡಿ," ಎಂದ ನಚಿಕೇತ, ಮೆಲ್ಲಗೆ.

ದೇವೀರಮ್ಮ ಬೇಡವೆನ್ನಲಿಲ್ಲ. ಕುರ್ಚಿಯನ್ನು ಅಳಿಯನ ಕಡೆಗೆ ಸರಿಸಿದಳು. ಟೀಲೆಯವರು ತಲೆಬಾಗಿಸಿ, ತೆರೆದ ಬಾಗಿಲನ್ನು ದಾಟಿ ಹೊರಟುಹೋದರು. ಮಾಯಾ ಎರಡು ಸಲ ಚೀರಿ ಸುಮ್ಮನಾದಳು.

ಮಧ್ಯಾಹ್ನ ದೇವೀರಮ್ಮ ಸೋದರಮಾವನಿಗೆಂದು ತೆಗೆದಿಟ್ಟಿದ್ದ ಪಂಚೆ, ಎಲೆಅಡಿಕೆ, ತೆಂಗಿನಕಾಯಿಯನ್ನು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಬಾಗಿಲು ತಟ್ಟಿದಳು. ಹಣೆಯ ಕುಂಕುಮವನ್ನು ಅವರು ಆಗಲೇ ತೊಳೆದುಕೊಂಡಿದ್ದರು. ಅಂಗೈಯನ್ನು ತಟ್ಟೆಯ ಮೇಲೆ ಒಂದು ಗಳಿಗೆ ಇಟ್ಟು, ಮೆತ್ತಗೆ ಅವಳ ಕಡೆಗೇ ನೂಕಿದರು.

"ನೀವು ಹೇಳ್ದೆ ಇದ್ದಿದ್ರೆ ಕೂರುಸ್ತಿದ್ದೆ," ಎಂದಳು ದೇವೀರಮ್ಮ. "ನಿಜ ಹೇಳಿದ್ದಕ್ಕೆ ಎಬ್ಬಿಸ್ಬಿಟ್ಟೆ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿರಲೆಂದೇ ಮಗಳನ್ನು ಕರೆತರದೆ ತಾನು ಕನ್ನಡದಲ್ಲಿ ಹೇಳಿದೆನೇನೋ ಎಂದು ಅವಳಿಗೆ ಹೊಳೆಯಿತು. ಆ ಹೆಂಗಸಿನ ಪರವಾಗಿ ಕ್ಷಮಿಸುವ ಅಧಿಕಾರ ಅವಳಿಗಿರಲಿಲ್ಲ; ಆದರೆ ಕುರ್ಚಿ ಸರಿಸಿದ್ದು ಆ ಹೆಂಗಸಿಗಾಗಿಯೂ ಅಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಳಿಯನ ಮುಂದೆ, ಡಾಕ್ಟರ ಮುಂದೆ, ತಾನು ಆರಿಸಿ ತಂದವನು ಹೀಗಾದನಲ್ಲ ಎಂಬ ನಾಚಿಕೆಗೆ ಸರಿಸಿದ್ದಳು.

ಸೈನ್ಯಗಳು ಹೊರಟುಹೋಗುತ್ತವೆ, ಗೋಡೆಗಳನ್ನು ಒಡೆದು ಚೂರುಗಳನ್ನು ಮಾರಿಕೊಳ್ಳುತ್ತಾರೆ. ಅವುಗಳ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟ ಇಂಥವರು ಅದೇ ಬೀದಿಗಳಲ್ಲಿ ಮುಪ್ಪಾಗುತ್ತಾರೆ. ಅವರು ರಾಕ್ಷಸರಲ್ಲ, ಕೆಲಸ ಬಲ್ಲವರು. ಬಲ್ಲೆನೆಂಬ ಸಂತೋಷದಲ್ಲೇ ಕೆಟ್ಟವರು. ಅವರಲ್ಲಿ ಹೆಚ್ಚಿನವರು ಬಾಯಿ ಬಿಡದೆ ಮದುವೆ ಮುಂಜಿಗಳ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ನಾವೇ ಕೈಹಿಡಿದು ಕೂರಿಸಿರುತ್ತೇವೆ. ಎಲ್ಲೋ ಒಬ್ಬರು ಎದ್ದು ನಿಂತು ಹೇಳಿಬಿಟ್ಟಾಗ ಮಾತ್ರ ನಮಗೆ ನ್ಯಾಯ ನೆನಪಾಗುತ್ತದೆ.