ನಾಳೆಯ ತಾರೀಖು

ನಾನೊಂದು ತಾರೀಖಿನ ಶಿಕ್ಕಾ. ಕೆಲವರು ಸೀಲು ಅನ್ನುತ್ತಾರೆ, ಕಡತದಲ್ಲಿ ಬರೆಯುವಾಗ ಮೊಹರು ಅನ್ನುತ್ತಾರೆ. ನಮ್ಮ ಕಡೆ ಬಾಯಲ್ಲಿ ಬರುವುದು ಶಿಕ್ಕಾ. ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯ ಮಗ್ಗುಲಿಗೆ ಹುಟ್ಟಿದೆ. ನನ್ನನ್ನು ಜೋಡಿಸಿದ ಮುದುಕನಿಗೆ ಒಂದು ಕಣ್ಣು ಮಂದ. ಮುಖಕ್ಕೆ ರಬ್ಬರು ಅಂಟಿಸಿದ. ಹೊಟ್ಟೆಯೊಳಗೆ ಮೂರು ರಬ್ಬರು ಪಟ್ಟಿ ಸುತ್ತಿದ, ದಿನಕ್ಕೊಂದು, ತಿಂಗಳಿಗೊಂದು, ವರ್ಷಕ್ಕೊಂದು. ಅವನ್ನು ತಿರುಗಿಸಲು ಬದಿಗೆ ಹಲ್ಲಿನ ಗಾಲಿ ಇಟ್ಟ. ರದ್ದಿ ಹಾಳೆಯ ಮೇಲೆ ಒಂದು ಸಲ ಹೊಡೆದು ನೋಡಿ "ಚೊಲೊ ಬಿದ್ದೈತಿ" ಅಂದ. ಅವನಿಂದ ನನಗೆ ಸಿಕ್ಕ ಆಶೀರ್ವಾದ ಅಷ್ಟೇ.

ವರ್ಷದ ಪಟ್ಟಿಯ ಮೇಲೆ 2008ರಿಂದ 2019ರ ತನಕ ಅಂಕಿ ಇದ್ದವು. ಸಾಯುವ ವರ್ಷವನ್ನು ಹುಟ್ಟುವಾಗಲೇ ಹೊಟ್ಟೆಯಲ್ಲಿ ಬರೆಸಿಕೊಂಡು ಬಂದವನು ನಾನು. ಅದಕ್ಕೇ ಇರಬೇಕು, ನನ್ನ ಮಾತು ಸ್ವಲ್ಪ ಕಹಿ. ಸಹಿಸಿಕೊಳ್ಳಿ.

ನನ್ನನ್ನು ಒಂದು ವಿಶ್ವವಿದ್ಯಾಲಯದವರು ಕೊಂಡುಕೊಂಡರು. ಮುಖದ ಮೇಲ್ಗಡೆ "ವಿದ್ಯಾರ್ಥಿವೇತನ ವಿಭಾಗ", ಕೆಳಗಡೆ "ಸ್ವೀಕರಿಸಲಾಗಿದೆ", ನಡುವೆ ತಾರೀಖು. ಮೊದಮೊದಲು ನನಗೆ ಬಹಳ ಸೊಕ್ಕು. ಸ್ವೀಕರಿಸಲಾಗಿದೆ ಅಂದಮೇಲೆ ಕೊಟ್ಟಂತೆಯೇ ಅಲ್ಲವೇ ಅಂದುಕೊಂಡಿದ್ದೆ. ಹುಡುಗ ಹುಡುಗಿಯರು ಅರ್ಜಿ ಹಿಡಿದು ಬರುತ್ತಿದ್ದರು, ನಾನು ಧಪ್ಪೆಂದು ಬೀಳುತ್ತಿದ್ದೆ, ಅವರ ಮುಖ ಇಷ್ಟಗಲ ಆಗುತ್ತಿತ್ತು. ಕಾಗದ ಕೈ ಸೇರಿತು ಎಂಬುದಷ್ಟೇ ನನ್ನ ಮಾತಿನ ಅರ್ಥ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ದಡ್ಡ ನಾನು.

ನನ್ನ ಯಜಮಾನರು ಹಾದಿಮನಿಯವರು, ಅರ್ಜಿ ತೆಗೆದುಕೊಳ್ಳುವ ಕೌಂಟರಿನ ಗುಮಾಸ್ತರು. ಮೇಜಿನ ಮೇಲೆ ಕುಳಿತ ನನಗೆ ಅವರು ಹೆಚ್ಚಾಗಿ ಕಂಡದ್ದು ಕೆಳಗಿನಿಂದ: ನಶ್ಯದ ಕಲೆಯ ಹೆಬ್ಬೆರಳು, ಎರಡು ದಿನದ ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ಕೆಟ್ಟ ಮನುಷ್ಯ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ನನಗೆ ಈ ಕಥೆ ಹೇಳುವುದು ಸಲೀಸಾಗುತ್ತಿತ್ತು. ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ "ಹೋಗಿ ತಗೊಂಡ್ ಬಾ, ಲೈನಿನ್ಯಾಗ ಮತ್ತ ನಿಂದರಬ್ಯಾಡ, ಸೀದಾ ಬಾ" ಅನ್ನುತ್ತಿದ್ದರು. ಫೋಟೊ ಅಂಟಿಸಲು ತಮ್ಮ ಗೋಂದಿನ ಡಬ್ಬಿಯನ್ನೇ ಮುಂದೆ ತಳ್ಳುತ್ತಿದ್ದರು. ಬೇರೆ ಕೌಂಟರುಗಳಲ್ಲಿ ಇಂಥ ಮಾತು ದುರ್ಬೀನು ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ.

ಅವರಿಗೆ ಒಂದು ರೂಢಿ ಇತ್ತು. ಸಂಜೆ ಐದಾಯಿತು ಅಂದರೆ ಆವಕ ರಿಜಿಸ್ಟರಿನಲ್ಲಿ ಅಂದಿನ ಕೊನೆಯ ಅರ್ಜಿಯ ಕೆಳಗೆ ಕೆಂಪು ಗೆರೆ ಎಳೆಯುವರು. ಆಮೇಲೆ ನನ್ನನ್ನು ಎತ್ತಿ, ಗಾಲಿ ತಿರುಗಿಸಿ, ಮರುದಿನದ ತಾರೀಖು ಕೂರಿಸಿ ಇಡುವರು. ಹಿಂದೊಮ್ಮೆ ಅವರು ರಜೆ ಇದ್ದಾಗ ಇನ್ನೊಬ್ಬ ಗುಮಾಸ್ತ ಬೆಳಗಿನ ಗದ್ದಲದಲ್ಲಿ ತಾರೀಖು ತಿರುಗಿಸಲು ಮರೆತು, ನಲವತ್ತು ಅರ್ಜಿಗೆ ಹಿಂದಿನ ದಿನವನ್ನು ಹೊಡೆದು ದೊಡ್ಡ ರಾದ್ಧಾಂತ ಆಗಿತ್ತು. ಅಂದಿನಿಂದ ಈ ರೂಢಿ. "ನಾಳಿಂದು ಇವತ್ತ ಮಾಡಿ ಇಟ್ರ ತಲಿಬ್ಯಾನಿ ಇಲ್ಲ" ಅನ್ನುತ್ತಿದ್ದರು. ಆಫೀಸು ಮುಚ್ಚುವುದು ಐದೂವರೆಗೆ. ಆ ಅರ್ಧ ತಾಸು ನಾನು ದಿನಾಲೂ ನಾಳೆಯಲ್ಲಿ ಕುಳಿತಿರುತ್ತಿದ್ದೆ. ಐದರ ಮೇಲೆ ಯಾರೂ ಬರುತ್ತಿರಲಿಲ್ಲ, ಹಾಗಾಗಿ ಯಾರಿಗೂ ತೊಂದರೆ ಆಗಿರಲಿಲ್ಲ.

ಕಸ್ತೂರಿ ಮೇದಾರ ಬಂದಳು, 2012ರ ಆಗಸ್ಟ್ 31ರಂದು, ಐದೂಕಾಲಿಗೆ.

ಅಂದೇ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಕಡೆಯ ದಿನ. ವಿಭಾಗಕ್ಕೆ ಒಬ್ಬರಿಗೇ ಅದು. ಸಿಕ್ಕವರಿಗೆ ಎರಡು ವರ್ಷದ ಶುಲ್ಕ, ಹಾಸ್ಟೆಲು, ಊಟ ಎಲ್ಲ ನಡೆಯುತ್ತದೆ. ಕಸ್ತೂರಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸೇರಿದ್ದವಳು, ಪದವಿಯಲ್ಲಿ ಆ ವಿಭಾಗಕ್ಕೆ ಬಂದವರಲ್ಲೆಲ್ಲ ಹೆಚ್ಚು ಅಂಕದವಳು. ಅವಳ ಅವ್ವ ಮೊರ, ಬುಟ್ಟಿ ಹೆಣೆದು ಸಂತೆಯಲ್ಲಿ ಮಾರುವವಳು. ಈ ವೇತನ ಸಿಕ್ಕರೆ ಓದು, ಇಲ್ಲದಿದ್ದರೆ ಊರು. ನಡುವೆ ಮತ್ತೇನೂ ಇರಲಿಲ್ಲ. ನಾನು ಮೊದಲು ಕಂಡದ್ದು ಅವಳ ಬೆರಳುಗಳನ್ನು. ಬಿದಿರಿನ ಸಿಬಿರು ಕೊಯ್ದ ಸಣ್ಣ ಸಣ್ಣ ಗೆರೆ, ಅದರ ಮೇಲೆ ಬರೆಯುವಾಗ ಹತ್ತಿದ ಶಾಯಿ.

"ಸರ್, ಹೊತ್ತಾತೇನ್ರಿ? ನಮ್ಮ ವಿಭಾಗದ ಮುಖ್ಯಸ್ಥರ ಸಹಿ ಬೇಕಾಗಿತ್ರಿ. ಅವರು ಮುಂಜಾನಿಂದ ಮೀಟಿಂಗಿನ್ಯಾಗಿದ್ರು. ಬಾಗಿಲದಾಗ ಕುಂತಿದ್ನಿ. ಈಗ ಸಹಿ ಹಾಕಿದ್ರು." ಏದುಸಿರು ಬಿಡುತ್ತಿದ್ದಳು.

ಹಾದಿಮನಿಯವರು ಗಡಿಯಾರ ನೋಡಿದರು. ಕೈಚೀಲ ಆಗಲೇ ಹೆಗಲಿಗೆ ಬಂದಿತ್ತು. ಆದರೂ ಕುಳಿತರು. "ಐದೂವರಿ ತನಕ ಟೈಮ್ ಐತಿ ತಂಗಿ, ಯಾಕ ಹೆದರ್ತಿ. ಕೊಡು ಇಲ್ಲಿ."

ಒಂದೊಂದೇ ಹಾಳೆ ತಿರುವಿ ನೋಡಿದರು. ಎಲ್ಲ ಸರಿ ಇತ್ತು. ನನ್ನನ್ನು ಎತ್ತಿದರು. ನನ್ನ ಹೊಟ್ಟೆಯಲ್ಲಿ ಅದಾಗಲೇ 1 ಸೆಪ್ಟೆಂಬರ್ ಕುಳಿತಿತ್ತು. ಕಾಲು ತಾಸಿನ ಹಿಂದೆ ಅದೇ ಕೈಯಿಂದ ಕೂರಿಸಿದ್ದರು. ನನಗೆ ಬಾಯಿ ಇದ್ದಿದ್ದರೆ ಕಿರುಚುತ್ತಿದ್ದೆ. ನನಗಿರುವುದು ಬರೀ ಮುಖ. ಅರ್ಜಿಯ ಮೇಲೆ ಒಂದು ಬಿತ್ತು, ರಸೀದಿಯ ಮೇಲೆ ಒಂದು ಬಿತ್ತು. ಅವರೂ ನೋಡಲಿಲ್ಲ, ಅವಳೂ ನೋಡಲಿಲ್ಲ. ರಿಜಿಸ್ಟರಿಗೆ ಗೆರೆ ಎಳೆದಾಗಿತ್ತಲ್ಲ, "ನಾಳೆ ಬೆಳಿಗ್ಗೆ ಬರಕೋತೀನಿ, ನೀ ನಡಿ" ಅಂದರು. ಕಸ್ತೂರಿ ರಸೀದಿಯನ್ನು ಕಣ್ಣಿಗೊತ್ತಿಕೊಂಡು, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು ಹೋದಳು.

ಮರುದಿನ ಹಾದಿಮನಿಯವರು ಅದನ್ನು ಸೆಪ್ಟೆಂಬರ್ ಒಂದರ ಪುಟದ ಮೊದಲ ಸಾಲಿಗೆ ಬರೆದರು. ಕೈ ತನ್ನ ಪಾಡಿಗೆ ಬರೆಯಿತು. ಮೂವತ್ತು ವರ್ಷ ಬರೆದ ಕೈಗೆ ತಲೆಯ ಅಪ್ಪಣೆ ಬೇಕಿರಲಿಲ್ಲ. ಅರ್ಜಿಗಳ ಕಟ್ಟು ಮೇಲಿನ ಮಹಡಿಗೆ ಹೋಯಿತು.

ಮೂರನೆಯ ವಾರ ಪಟ್ಟಿ ಬಂತು. ಕಸ್ತೂರಿಯ ಹೆಸರಿನ ಮುಂದೆ "ಅವಧಿ ಮೀರಿ ಸ್ವೀಕೃತ. ತಿರಸ್ಕರಿಸಿದೆ" ಎಂದಿತ್ತು. ವೇತನ ಅವಳಿಗಿಂತ ಕಡಿಮೆ ಅಂಕದವರಿಗೆ ಹೋಗಿತ್ತು. ಅವಳು ಕೌಂಟರಿಗೆ ಬಂದು, ಮಡಿಕೆ ಬಿಚ್ಚಿ ರಸೀದಿಯನ್ನು ಮೇಜಿನ ಮೇಲೆ, ನನ್ನ ಮಗ್ಗುಲಿಗೇ ಇಟ್ಟಳು.

"ಸರ್, ನಾ ಕಡೀ ದಿನಾನ ಕೊಟ್ಟೇನ್ರಿ. ನೀವ ತಗೊಂಡ್ರಿ. ಇದರಾಗ ಮರುದಿನದ ತಾರೀಖ ಐತಿ."

ಹಾದಿಮನಿಯವರು ರಸೀದಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟ ಇಂದಿಗೂ ನನಗೆ ಮರೆತಿಲ್ಲ. ಎಲ್ಲವೂ ಒಂದೇ ಗಳಿಗೆಯಲ್ಲಿ ಅವರಿಗೆ ಹೊಳೆಯಿತು: ಐದು ಗಂಟೆ, ಕೆಂಪು ಗೆರೆ, ತಿರುಗಿಸಿದ ಗಾಲಿ. ಕಿವಿಯ ತನಕ ಮುಖ ಕೆಂಪಾಯಿತು. ಎದ್ದು ಮೇಲ್ವಿಚಾರಕಿ ಮೇಡಂ ಹತ್ತಿರ ಹೋಗಿ "ತಪ್ಪು ನನ್ನದ್ರಿ, ಬರದು ಕೊಡ್ತೀನಿ" ಅಂದರೆ ಮುಗಿಯುತ್ತಿತ್ತು. ಎರಡು ಸಾಲಿನ ಕಾಗದ. ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾಯ್ದೆ.

ಆದರೆ ಆ ವಾರವೇ ಅವರ ಬಡ್ತಿಯ ಕಾಗದ ಮೇಲೆ ಹೋಗಿತ್ತು. ಮೂವತ್ತು ವರ್ಷದಲ್ಲಿ ಒಂದೂ ಮೆಮೊ ಬಂದಿರಲಿಲ್ಲ. ನಿವೃತ್ತಿಗೆ ಇನ್ನು ಮೂರೇ ವರ್ಷ. ಅವರ ಹೆಬ್ಬೆರಳು ನನ್ನ ಹಿಡಿಕೆಯನ್ನು ಒಂದು ಸಲ ಉಜ್ಜಿತು.

"ನಿನಗ ದಿನ ಮರತಿರಬೇಕು ನೋಡವಾ. ಸಹಿ ಕಡೀ ದಿನ ಆಗೇತಿ, ಅರ್ಜಿ ಮರುದಿನ ಕೊಟ್ಟೀದಿ. ರಿಜಿಸ್ಟರಿನ್ಯಾಗೂ ಹಂಗ ಐತಿ. ಶಿಕ್ಕಾ ಸುಳ್ಳು ಹೇಳೂದಿಲ್ಲ."

ನನ್ನ ಮೇಲೆ ಹಾಕಿ ಕೈ ತೊಳೆದುಕೊಂಡರು. ಶಿಕ್ಕಾ ಸುಳ್ಳು ಹೇಳುವುದಿಲ್ಲವಂತೆ. ನಾನು ಸುಳ್ಳು ಹೇಳಲಿಲ್ಲ, ಸ್ವಾಮಿ. ನನ್ನ ಬಾಯಲ್ಲಿ ಸುಳ್ಳು ಇಟ್ಟವರು ಯಾರು ಎಂಬುದನ್ನು ಆ ಹುಡುಗಿಗೆ ಹೇಳಬಹುದಾಗಿದ್ದವರು ಲೋಕದಲ್ಲಿ ನಾವಿಬ್ಬರೇ. ಒಬ್ಬನಿಗೆ ನಾಲಿಗೆ ಇಲ್ಲ, ಇನ್ನೊಬ್ಬರಿಗೆ ಇದ್ದೂ ಇಲ್ಲ.

ಕಸ್ತೂರಿ ಅತ್ತು ಕರೆದು ಮಾಡಲಿಲ್ಲ. ವಾದ ಮಾಡಿದಳು. ಬಾಗಿಲಲ್ಲಿ ಕುಳಿತದ್ದು, ಓಡಿ ಬಂದದ್ದು, ಅವರ ಹೆಗಲ ಮೇಲಿನ ಚೀಲ, ಎಲ್ಲ ಹೇಳಿದಳು. ಹಾದಿಮನಿಯವರು ಮುಂದಿನ ಹುಡುಗನ ಅರ್ಜಿ ಎಳೆದುಕೊಂಡರು. ಮರುದಿನ ಮೇಲ್ಮನವಿ ಬರೆದು ತಂದಳು. ಆ ಮೇಲ್ಮನವಿಯನ್ನು ತೆಗೆದುಕೊಂಡು ಶಿಕ್ಕಾ ಹೊಡೆಯಬೇಕಾದವರೂ ಅವರೇ, ಬೀಳಬೇಕಾದವನೂ ನಾನೇ. ಅದರ ಮೇಲೆ ತಾರೀಖು ಸರಿಯಾಗಿ ಬಿತ್ತು, ಎಷ್ಟು ಚಂದ. ಎಂಟು ದಿನಕ್ಕೆ "ಮೊಹರಿನ ದಿನಾಂಕವೇ ಅಂತಿಮ" ಎಂದು ಬರೆದು ವಾಪಸು ಬಂತು. ದಸರಾ ರಜೆಗೆ ಊರಿಗೆ ಹೋದ ಹುಡುಗಿ ತಿರುಗಿ ಓದಲು ಬರಲಿಲ್ಲ. ಶುಲ್ಕ ಕಟ್ಟದವರ ಹೆಸರು ತೆಗೆದುಹಾಕಿದ ಪಟ್ಟಿ ನಮ್ಮ ಮೇಜಿನ ಮೇಲೇ ಹಾದು ಹೋಯಿತು.

ಹಾದಿಮನಿಯವರಿಗೆ ಬಡ್ತಿ ಸಿಕ್ಕಿತು. ಪೇಢೆ ಹಂಚಿದರು. ಕೌಂಟರು ಮಾತ್ರ ಬಿಡಲಿಲ್ಲ, ಅದು ಯಾಕೆಂದು ನನಗೂ ಗೊತ್ತಿಲ್ಲ. ಅಂದಿನಿಂದ ಸಂಜೆ ನನ್ನನ್ನು ತಿರುಗಿಸುವುದನ್ನು ಬಿಟ್ಟರು. ಬೆಳಿಗ್ಗೆ ಬಂದು, ಗೋಡೆಯ ಕ್ಯಾಲೆಂಡರು ನೋಡಿ, ಬೆರಳಿಟ್ಟು ಮತ್ತೊಮ್ಮೆ ನೋಡಿ, ಆಮೇಲೆ ತಿರುಗಿಸುವರು. ಪ್ರತಿ ಅರ್ಜಿಗೆ ಹೊಡೆಯುವ ಮೊದಲು ನನ್ನನ್ನು ಮಗುಚಿ ಓದುವರು. ಇದನ್ನು ಕಂಡವನು ನಾನೊಬ್ಬನೇ.

ಮೂರು ವರ್ಷದ ಮೇಲೆ ಬೀಳ್ಕೊಡುಗೆ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬ ಅಧಿಕಾರಿ ಭಾಷಣ ಮಾಡಿದರು: "ಹಾದಿಮನಿಯವರ ಶಿಸ್ತು ನೋಡಿ ಕಲಿಯಬೇಕು. ಸಂಜೆಯೇ ನಾಳೆಯ ತಾರೀಖು ತಿರುಗಿಸಿಟ್ಟು ಮನೆಗೆ ಹೋಗುವ ಮನುಷ್ಯ." ಎಲ್ಲರೂ ಚಪ್ಪಾಳೆ ತಟ್ಟಿದರು. ಹಾದಿಮನಿಯವರು ನೀರು ಕೇಳಿದರು.

ಆ ವರ್ಷವೇ ಅರ್ಜಿಗಳೆಲ್ಲ ಕಂಪ್ಯೂಟರಿಗೆ ಹೋದವು, ಕೌಂಟರು ಮುಚ್ಚಿತು. ನನ್ನ ಪಟ್ಟಿಯಲ್ಲಿ ಇನ್ನೂ ನಾಲ್ಕು ವರ್ಷ ಉಳಿದಿದ್ದವು, ಅವು ಯಾರಿಗೂ ಬೇಕಾಗಲಿಲ್ಲ. ರದ್ದಿಗೆ ಹಾಕುವ ಸಾಮಾನಿನಲ್ಲಿ ಬಿದ್ದಿದ್ದ ನನ್ನನ್ನು ಹಾದಿಮನಿಯವರು ಕೇಳಿ ಮನೆಗೆ ಒಯ್ದರು. ನೆನಪಿಗೆ ಇರಲಿ ಅಂದರು. ನನ್ನನ್ನು ನೆನಪಿಗೆ ಇಟ್ಟುಕೊಳ್ಳುವುದು ಅಂದರೆ ಏನು ಎಂದು ಕೊಟ್ಟವರಿಗೆ ಗೊತ್ತಿರಲಿಲ್ಲ. ಹಾದಿಮನಿಯವರಿಗೆ ಗೊತ್ತಿತ್ತು.

2021ರಲ್ಲಿ ಅವರ ಮೊಮ್ಮಗಳು ಅದೇ ವಿಶ್ವವಿದ್ಯಾಲಯ ಸೇರಿದಳು, ಅದೇ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾಯಿತು. ಗೇಟಿನ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇದೆ, ಅದನ್ನು ಮೇದಾರ ಮೇಡಂ ನಡೆಸುತ್ತಾರೆ ಅಂದಳು ಮೊಮ್ಮಗಳು. ಆ ದಿನ ಹಾದಿಮನಿಯವರು ನನ್ನನ್ನು ಕಪಾಟಿನಿಂದ ತೆಗೆದು, ಅರಿವೆಯಲ್ಲಿ ಸುತ್ತಿ, ಕೈಚೀಲದಲ್ಲಿ ಹಾಕಿಕೊಂಡರು. ಹೇಳಲಿಕ್ಕೆಂದೇ ಹೊರಟಿದ್ದರು, ನನಗೆ ಖಾತ್ರಿ ಇದೆ.

ಅಂಗಡಿಯಲ್ಲಿ ಕಸ್ತೂರಿ ಮೊಮ್ಮಗಳ ಅರ್ಜಿ ತುಂಬುತ್ತಲೇ ಅವರನ್ನು ಗುರುತು ಹಿಡಿದಳು. "ನೀವು ಹಾದಿಮನಿ ಸರ್ ಅಲ್ರಿ? ನಾ ಕಸ್ತೂರಿ. ನಿಮಗ ನೆನಪಿರಲಿಕ್ಕಿಲ್ಲ. ಆವಾಗ ನಿಮ್ಮ ಜೋಡಿ ಭಾಳ ವಾದಾ ಮಾಡಿದ್ನಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

ಚೀಲದೊಳಗೆ ಅವರ ಕೈ ನನ್ನನ್ನು ಹಿಡಿದುಕೊಂಡಿತು.

"ಎಷ್ಟೋ ವರ್ಷ ವಿಚಾರ ಮಾಡಿದ್ನಿರಿ," ಅಂದಳು, ಬೆರಳು ಕೀಲಿಗಳ ಮೇಲೆ ಓಡುತ್ತಲೇ ಇತ್ತು. "ಸಹಿ ಆದ ದಿನಾನ ಓಡಿ ಬಂದು ಕೊಟ್ಟೆ ಅಂತ ನನ್ನ ತಲ್ಯಾಗ ಹೆಂಗೋ ಕುಂತಬಿಟ್ಟಿತ್ತು. ಶಿಕ್ಕಾ ಸುಳ್ಳು ಹೇಳೂದಿಲ್ಲ ಅಂದಿದ್ರಿ ನೀವು. ಖರೇ ಐತ್ರಿ. ನಾನ ದಿನಾ ಮರತಿರಬೇಕು. ತಪ್ಪು ನಂದ ಇಟ್ಟುಕೊಂಡು ನಿಮ್ಮ ಮ್ಯಾಲೆ ಹಾಕಿದ್ನಿ."

ಈಗ ಹೇಳುತ್ತಾರೆ ಅಂದುಕೊಂಡೆ. ಅವರ ಬಾಯಿ ತೆರೆಯಿತು. "ನಿಮ್ಮವ್ವ ಆರಾಮ ಅದಾರೇನವಾ?" ಎಂದು ಕೇಳಿದರು.

"ಅವ್ವ ಹೋಗಿ ಮೂರು ವರ್ಷ ಆತ್ರಿ." ಕಸ್ತೂರಿ ರಸೀದಿಯನ್ನು ಪ್ರಿಂಟು ತೆಗೆದು ಮೊಮ್ಮಗಳ ಮುಂದೆ ಇಟ್ಟಳು. "ತಾರೀಖ ಓದು ತಂಗಿ. ಬಾಯಿ ಬಿಟ್ಟು ಓದು. ಓದದ ಯಾರನ್ನೂ ನಾ ಇಲ್ಲಿಂದ ಕಳಸೂದಿಲ್ಲ."

ಹುಡುಗಿ ನಗುತ್ತ ಓದಿದಳು. ಕಡೆಯ ದಿನಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ಹಾದಿಮನಿಯವರು ಕೊಡಲು ಹೋದ ದುಡ್ಡನ್ನು ಕಸ್ತೂರಿ ತೆಗೆದುಕೊಳ್ಳಲಿಲ್ಲ. "ಹೊತ್ತಾಗಿದ್ರೂ ಚೀಲಾ ಇಳಿಸಿ ಕುಂತು ನನ್ನ ಅರ್ಜಿ ತಗೊಂಡ್ರಿ ನೀವು. ಅಷ್ಟ ನನಗ ಪಕ್ಕಾ ನೆನಪೈತಿ" ಅಂದಳು.

ಮನೆಗೆ ಬಂದು ಅವರು ಊಟಕ್ಕೆ ಏಳಲಿಲ್ಲ. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಗಿದುಹೋಗಿದ್ದ ಗಾಲಿಗಳನ್ನು ಉಗುರಿನಿಂದ ತಿರುವಿ ತಿರುವಿ 31 ಆಗಸ್ಟ್ 2012ಕ್ಕೆ ತಂದು ನಿಲ್ಲಿಸಿದರು. ಹೊಡೆಯಲು ಕಾಗದ ಇರಲಿಲ್ಲ, ಶಾಯಿಯೂ ಇರಲಿಲ್ಲ. ಕಪಾಟಿನ ಮೂಲೆಗೆ, ಔಷಧದ ಡಬ್ಬಿಗಳ ಹಿಂದೆ ಇಟ್ಟರು. ಇಂದಿಗೂ ಅಲ್ಲೇ ಇದ್ದೇನೆ. ನನ್ನ ರಬ್ಬರು ಬಿರಿದಿದೆ, ಪಟ್ಟಿಯ ವರ್ಷಗಳು ಮುಗಿದಿವೆ.

ಆದರೂ ಈಗ ನನ್ನ ಮುಖದ ಮೇಲಿರುವುದು ಸರಿಯಾದ ತಾರೀಖು. ಅವಳ ವಿದ್ಯಾರ್ಥಿವೇತನ ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು, ಲೋಕದಲ್ಲಿ ಎಷ್ಟೋ ಜನರದ್ದು ಹೋಗುತ್ತದೆ. ಆ ಸಂಜೆ ತಾನು ಹೊತ್ತಿಗೆ ಮುಂಚೆ ಬಂದಿದ್ದೆ ಎಂಬ ಅವಳ ನೆನಪನ್ನೂ ನಾವಿಬ್ಬರೂ ಸೇರಿ ಕಸಿದುಕೊಂಡೆವಲ್ಲ, ಅದು ನನಗೆ ನುಂಗಲು ಆಗುವುದಿಲ್ಲ. ಅಂಗಡಿ ಇಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಹಾದಿಮನಿಯವರು ಬೆಳಿಗ್ಗೆ ಗುಳಿಗೆ ತೆಗೆದುಕೊಳ್ಳಲು ಕಪಾಟು ತೆರೆದಾಗ ನನ್ನನ್ನು ನೋಡುತ್ತಾರೆ, ನಾಳೆ ಹೋಗಿ ಹೇಳಬೇಕು ಅನ್ನುತ್ತಾರೆ, ಬಾಗಿಲು ಮುಚ್ಚುತ್ತಾರೆ.