ನಾಲ್ಕನೇ ಸೆಮಿಸ್ಟರಿನ ಕಡೆಯ ಪೇಪರು

ತಪ್ಪು ನಿಷತಳದೇ. ಯಾರೂ ಹಾಗೆ ಅನ್ನಲಿಲ್ಲ, ಅವಳೇ ಅಂದುಕೊಂಡಳು. ಅಂದುಕೊಂಡದ್ದರಲ್ಲಿ ಸುಳ್ಳೂ ಇರಲಿಲ್ಲ.

ಮುದ್ದೇಬಿಹಾಳದ ನಿಷತ ಸಿಂದಗಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುವ ಅತಿಥಿ ಉಪನ್ಯಾಸಕಿ. ಎರಡು ವರ್ಷದ ಹಿಂದೆ, ಪ್ರವೇಶದ ದಿನಗಳಲ್ಲಿ, ಯಂಕಂಚಿಗೆ ಹೋಗಿ ಲಿಂಬೆಹಣ್ಣಿನ ವ್ಯಾಪಾರಿ ಪರಪ್ಪನ ಪಡಸಾಲೆಯಲ್ಲಿ ಕೂತು, ಮಗಳು ಶೈಲಶ್ರೀಯನ್ನು ಬಿ.ಎ.ಗೆ ಕಳಿಸಿರೆಂದು ಗಂಟಲು ಹರಿದುಕೊಂಡವಳು ಇವಳೇ. ಪರಪ್ಪನಿಗೆ ಇದ್ದದ್ದು ಒಂದೇ ಹೆದರಿಕೆ: ನಡುವೆ ಬಿಡಿಸಬೇಕಾಗಿ ಬಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ? ಅವನ ಮನೆತನದಲ್ಲಿ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವರಿರಲಿಲ್ಲ.

"ಈಗ ಹಂಗಿಲ್ರಿ ಕಾಕಾ," ಅಂದಿದ್ದಳು ನಿಷತ. "ಹೊಸ ಪದ್ಧತಿ ಬಂದೈತಿ. ಪಾಸಾದ ಪೇಪರಿಗೆಲ್ಲಾ ಕ್ರೆಡಿಟ್ ಸಿಗ್ತಾವ, ಅವು ಅಕಿ ಹೆಸರಿನ ಮ್ಯಾಲೇ ಇರ್ತಾವ. ಒಂದು ವರ್ಷಕ್ಕ ಬಿಟ್ರ ಸರ್ಟಿಫಿಕೇಟು, ಎರಡಕ್ಕ ಡಿಪ್ಲೊಮಾ, ಮೂರಕ್ಕ ಡಿಗ್ರಿ. ಏಳು ವರ್ಷದೊಳಗ ತಿರುಗಿ ಬಂದು ಮುಂದ ಕಲೀಬಹುದು. ಯಾವುದೂ ಹಾಳಾಗೂದಿಲ್ರಿ."

ಪರಪ್ಪ ಒಪ್ಪಿದ. ಬಸ್ಸಿನಲ್ಲಿ ಹಿಂದಿರುಗುವಾಗ ನಿಷತ ಒಂದು ಹುಡುಗಿಯನ್ನು ಗೆದ್ದುಕೊಂಡೆನೆಂದು ಬೀಗಿದ್ದಳು.

ಆ ಹುಡುಗಿಯಾದರೂ ಎಂಥವಳು! ಭೂಗೋಳ ಅಂದರೆ ಊಟ ಮರೆಯುವ ಜಾತಿ. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳಬೇಕೆಂಬುದೊಂದೇ ಅವಳ ಆಸೆ.

ನಾಲ್ಕನೇ ಸೆಮಿಸ್ಟರಿನ ಪರೀಕ್ಷೆಗೆ ತಿಂಗಳಿರುವಾಗ ಪರಪ್ಪ ಕಾಲೇಜಿಗೆ ಬಂದ. ಕೈಯಲ್ಲಿ ಚೀಲ ಲಿಂಬೆಹಣ್ಣು, ಮುಖದ ತುಂಬ ನಗು. ಬಾಗೇವಾಡಿಯ ಒಳ್ಳೆಯ ಮನೆತನದಿಂದ ಮಗಳಿಗೆ ಸಂಬಂಧ ಬಂದಿತ್ತು.

"ಡಿಪ್ಲೊಮಾದ ಅರ್ಜಿ ಕೊಡ್ರಿ ಅಕ್ಕಾರ. ಎರಡು ವರ್ಷ ಮುಗೀತಲ್ಲ."

"ಡಿಪ್ಲೊಮಾಕ್ಕ ಬಿ.ಎಡ್. ಸಿಗೂದಿಲ್ರಿ ಕಾಕಾ. ಇನ್ನೊಂದ ವರ್ಷ ತಡೀರಿ. ಟೀಚರ ಆಗಬೇಕಂತ ಅಕಿಗಿ ಭಾಳ ಆಸೆ ಐತಿ."

"ಏಳು ವರ್ಷ ಐತೆಲ್ರಿ. ಆಮ್ಯಾಲ ಬಂದು ಕಲೀತಾಳ ತಗೋರಿ. ನೀವ ಹೇಳಿದ್ರೆಲ್ಲ." ಅವನ ದನಿಯಲ್ಲಿ ಕುಹಕವಿರಲಿಲ್ಲ, ಉಪಕಾರದ ನೆನಪಿತ್ತು. "ಈ ಕಾಗದ ಸಿಗದಿದ್ರ ನಾ ಹೂಂ ಅಂತಿರ್ಲಿಲ್ರಿ. ಅರ್ಧಾ ಕಲ್ತಾಕಿ ಅನ್ನಿಸಿ ಮಗಳನ್ನ ಹ್ಯಾಂಗ ಕಳಸ್ಲಿ? ಇನ್ನೊಂದ ವರ್ಷ ಕಾಯ್ತಿದ್ನಿ."

ಅರ್ಧಕ್ಕೆ ಬಿಟ್ಟವಳು ಎಂಬ ಮಾತಿನ ಅಂಜಿಕೆಯೊಂದೇ ಆ ಹುಡುಗಿಯನ್ನು ಕಾಯುತ್ತಿತ್ತು. ಅದನ್ನು ನಿಷತ ಕೈಯಾರೆ ತೆಗೆದುಹಾಕಿದ್ದಳು. ಮದುವೆಯಾಗಿ ಹೋದವರು ಮರಳಿ ಬಂದು ಬೆಂಚಿನ ಮೇಲೆ ಕೂತದ್ದನ್ನು ಅವಳಂತೂ ಈವರೆಗೆ ಕಂಡಿರಲಿಲ್ಲ.

ಮರುದಿನ ಶೈಲಶ್ರೀ ನಿಯಮದ ಪುಸ್ತಕ ಹಿಡಿದು ಬಂದಳು.

"ಮೇಡಂ, ಎಲ್ಲಾ ಪೇಪರ ಪಾಸಾದ್ರಷ್ಟ ಡಿಪ್ಲೊಮಾ ಅಂತ ಬರದಾರ. ಒಂದ ಉಳೀತಂದ್ರೂ ಕ್ರೆಡಿಟ್ ಕಡಿಮಿ ಬೀಳ್ತಾವ, ಕಾಗದ ಕೊಡೂದಿಲ್ಲ. ಆದ್ರ ಐದನೇ ಸೆಮಿಸ್ಟರಿಗಿ ಕುಂಡ್ರಾಕ ಬಿಡ್ತಾರ. ಹೌದಿಲ್ರಿ?"

"ಹೌದು."

"ಹಂಗಾರ ನಾ ಒಂದ ಪೇಪರ ಖಾಲಿ ಕೊಡ್ತೇನಿ. ಕಾಗದ ಇಲ್ದ ಅಪ್ಪ ಮದುವಿ ಮಾಡಿ ಕಳಸೂದಿಲ್ಲ."

ಪಾಠ ಹೇಳುವವಳು ಏನನ್ನಬೇಕಿತ್ತೋ ಅದನ್ನು ನಿಷತ ಅನ್ನಲಿಲ್ಲ. ಭೂಗೋಳದ ಇಂಟರ್ನಲ್ಲಿನ ನಲವತ್ತಕ್ಕೆ ಮೂವತ್ತೆಂಟು ಆಗಲೇ ಕೊಟ್ಟಾಗಿತ್ತು. ಆದರೆ ಪರೀಕ್ಷೆಯ ಅರವತ್ತರಲ್ಲೂ ಬೇರೆಯಾಗಿ ಪಾಸಾಗಬೇಕೆಂಬ ನಿಯಮವಿತ್ತು. ಎಷ್ಟೋ ಮಕ್ಕಳನ್ನು ಅಳಿಸಿದ ಆ ನಿಯಮಕ್ಕೆ ಅಂದು ಕೈ ಮುಗಿಯಬೇಕೆನ್ನಿಸಿತು.

"ಭೂಗೋಳ ಬಿಡು," ಅಂದಳು ಮೆಲ್ಲಗೆ. "ಕಡೀ ಪೇಪರ. ನಂಬರ ಬರದು ಸುಮ್ನ ಕುಂಡ್ರು. ಮುಂದ ಮತ್ತ ಪರೀಕ್ಷಾ ಕಟ್ಟಿದ್ರಾತು."

ಪರೀಕ್ಷೆಯ ದಿನ ಜನ ಸಾಲದೆ, ಆ ಕೋಣೆಯ ಮೇಲ್ವಿಚಾರಣೆ ನಿಷತಳಿಗೇ ಬಿತ್ತು. ಶೈಲಶ್ರೀ ನಂಬರು ಬರೆದು ಪೆನ್ನು ಮುಚ್ಚಿಟ್ಟಳು. ಅರ್ಧ ಗಂಟೆ, ಮುಕ್ಕಾಲು ಗಂಟೆ. ನಿಷತ ಸಾಲುಗಳ ನಡುವೆ ಓಡಾಡಿದಳು. ಆಮೇಲೆ ಹುಡುಗಿ ಪ್ರಶ್ನೆಪತ್ರಿಕೆ ತಿರುವಿದಳು. ಭೀಮಾ ನದಿಯ ನಕಾಶೆ ಬರೆದು ಉಪನದಿಗಳನ್ನು ಗುರುತಿಸಿ, ಎಂದಿತ್ತು. ಪೆನ್ಸಿಲ್ಲು ತೆಗೆದಳು. ನಿಷತ ಅವಳ ಡೆಸ್ಕಿನ ಬಳಿ ನಿಂತು ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಹುಡುಗಿ ತಲೆ ಎತ್ತಲಿಲ್ಲ. ನಕಾಶೆ ಮುಗಿದು ಉತ್ತರ ಮೊದಲಾಯಿತು, ಒಂದರ ಹಿಂದೆ ಒಂದು. ಗಂಟೆ ಬಾರಿಸಿದಾಗ ಅವಳು ಕಡೆಯ ಪುಟದಲ್ಲಿದ್ದಳು.

ಎಲ್ಲರೂ ಹೋದ ಮೇಲೆ ಶೈಲಶ್ರೀ ಉತ್ತರಪತ್ರಿಕೆ ತಂದು ಮೇಜಿನ ಮೇಲಿಟ್ಟಳು. ಮುಖದಲ್ಲಿ ಕಳೆಯಿರಲಿಲ್ಲ.

"ನಕಾಶೆ ಒಂದ ಬರೀಬೇಕಂತ ಮಾಡಿದ್ನಿರಿ, ಅದೊಂದರಿಂದ ಪಾಸಾಗೂದಿಲ್ಲಂತ. ಆಮ್ಯಾಲ ಕೈ ನಿಂದರ್ಲಿಲ್ರಿ ಮೇಡಂ. ಎಲ್ಲಾ ಬರ್ತಿತ್ತು."

ನಿಷತ ಪುಟ ತಿರುವಿದಳು. ತಪ್ಪೆಂಬುದು ಒಂದೂ ಇರಲಿಲ್ಲ. ಹೊರಗೆ ಜವಾನ ಬಂಡಲ್ ಕೊಡಿರೆಂದು ಕೂಗುತ್ತಿದ್ದ.

"ಅಡ್ಡ ಗೆರಿ ಹೊಡಿ," ಅಂದಳು ಪೆನ್ನು ಚಾಚಿ. "ವಿದ್ಯಾರ್ಥಿ ಹೊಡದ ಉತ್ತರಕ್ಕ ಮಾರ್ಕ್ಸ ಕೊಡೂದಿಲ್ಲ. ಲಗೂನ ಹೊಡಿ."

ಶೈಲಶ್ರೀ ಪೆನ್ನು ತೆಗೆದುಕೊಂಡು ಮೊದಲ ಪುಟ ತೆರೆದಳು. ನೋಡುತ್ತ ನಿಂತಳು. ಪೆನ್ನು ಮರಳಿ ಕೊಟ್ಟಳು.

"ನೀವ ಹೊಡೀರಿ ಮೇಡಂ."

ನಿಷತಳಿಂದಲೂ ಆಗಲಿಲ್ಲ. ಪತ್ರಿಕೆಯನ್ನು ಉಳಿದವುಗಳ ಮೇಲಿಟ್ಟು, ಎಣಿಸಿ, ದಾರ ಕಟ್ಟಿ, ಜವಾನನ ಕೈಗೆ ಕೊಟ್ಟಳು.